ಕೋಡು ಮೂಡುವ ಶನಿವಾರ

ವಾರವಿಡೀ ಕಂಪ್ಯೂಟರ್ ಮುಂದೆ ಕೂತವರು ರಜೆಯ ದಿನವೂ ಲ್ಯಾಪ್‌ಟಾಪ್ ಹೊತ್ತು ಹೊರಡುತ್ತಾರೆ. ಸಂಬಳವಿಲ್ಲ, ಹಾಜರಿಯಿಲ್ಲ, ಸರ್ಟಿಫಿಕೇಟೂ ಇಲ್ಲ. ಕೇಳಿದ್ದನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ಬರೆದುಕೊಡುವ ಎಐ ಬಂದಿದೆ. ಆದರೂ ಪ್ರೋಗ್ರಾಮರ್‌ಗಳ ತಿಂಗಳ ಕೂಟ ನಿಂತಿಲ್ಲ. ಅಲ್ಲಿ ಅಂಥದ್ದೇನು ಸಿಗುತ್ತದೆ?

ಶನಿವಾರ ಬೆಳಿಗ್ಗೆ ಹತ್ತು ಗಂಟೆ. ಬೆಂಗಳೂರಿನ ಐಟಿ ಕಟ್ಟಡಗಳಿಗೆ ಅದು ಆಕಳಿಕೆಯ ಹೊತ್ತು. ಕ್ಯಾಂಟೀನ್ ಮುಚ್ಚಿರುತ್ತದೆ, ಲಿಫ್ಟುಗಳಲ್ಲಿ ಅರ್ಧ ನಿಂತಿರುತ್ತವೆ, ಗೇಟಿನಲ್ಲಿ ಸೆಕ್ಯುರಿಟಿಯವರು ಪೇಪರ್ ಓದುತ್ತಿರುತ್ತಾರೆ. ಆಗ ಬೆನ್ನಿಗೆ ಬ್ಯಾಗು ಏರಿಸಿದ ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಬರತೊಡಗುತ್ತಾರೆ.

“ಎಲ್ಲಿಗೆ ಸಾರ್?”

“ಪೈಥಾನ್ ಮೀಟಪ್‌ಗೆ ಅಣ್ಣ.”

“ಯಾವ ಕಂಪನಿ?”

“ಕಂಪನಿ ಅಂತ ಏನಿಲ್ಲ. ಸುಮ್ನೆ ಎಲ್ಲ ಸೇರ್ತೀವಿ.”

ರಿಜಿಸ್ಟರಿನಲ್ಲಿ ಹೆಸರಿಗೊಂದು ಕಾಲಂ, ಫೋನಿಗೊಂದು, ಕಂಪನಿಗೊಂದು, ‘ಯಾರನ್ನು ನೋಡಬೇಕು’ ಎಂಬುದಕ್ಕೆ ಮತ್ತೊಂದು. ಕಡೆಯ ಎರಡರಲ್ಲಿ ಏನು ಬರೆಯಬೇಕೆಂದು ಬಂದವರಿಗೂ ಗೊತ್ತಿಲ್ಲ, ಬರೆಸಿಕೊಳ್ಳುವವರಿಗೂ ಗೊತ್ತಿಲ್ಲ. ಮೊದಲು ಬಂದ ಪುಣ್ಯಾತ್ಮ ‘ಪೈಥಾನ್’ ಎಂದು ಗೀಚಿ ಹೋಗಿರುತ್ತಾನೆ. ಹಿಂದಿನವರೆಲ್ಲ ಅದರ ಕೆಳಗೆ ಎರಡು ಚುಕ್ಕೆ ಹಾಕಿ ಒಳಗೆ ನಡೆಯುತ್ತಾರೆ.

ಒಳಗೆ ಮೊದಲ ಕಾಲು ಗಂಟೆ ಹೋಗುವುದು ವೈರು ಹುಡುಕುವುದರಲ್ಲಿ. ಮಾತಾಡಲು ಬಂದವರ ಲ್ಯಾಪ್‌ಟಾಪಿಗೂ ಗೋಡೆಯ ಮೇಲಿನ ಪ್ರೊಜೆಕ್ಟರಿಗೂ ಜಾತಕ ಕೂಡುವುದಿಲ್ಲ. “ಯಾರ ಹತ್ರ ಆದ್ರೂ ಟೈಪ್-ಸಿ ಅಡಾಪ್ಟರ್ ಇದೆಯಾ?” ಎಂಬ ಕೂಗು ಏಳುತ್ತದೆ. ಮೂರು ಕೈ ಮೇಲೇಳುತ್ತವೆ, ಮೂರರಲ್ಲಿ ಒಂದು ಕೆಲಸ ಮಾಡುತ್ತದೆ. ಪರಿಚಯವಿಲ್ಲದವರು ಪರಿಚಯವಾಗುವುದು ಹೆಚ್ಚಾಗಿ ಈ ಗಡಿಬಿಡಿಯಲ್ಲೇ.

ಇಂಥ ಕೂಟಗಳಲ್ಲಿ ಬೆಂಗಳೂರಿನ ಹಳೆಯ ಹೆಸರು ‘ಬ್ಯಾಂಗ್‌ಪೈಪರ್ಸ್’. ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರ ಈ ಬಳಗ ಶುರುವಾದದ್ದು 2005ರಲ್ಲಿ. ಡಚ್ ಪ್ರೋಗ್ರಾಮರ್ ಗೀಡೊ ವಾನ್ ರಾಸಮ್ ಆಮ್‌ಸ್ಟರ್‌ಡ್ಯಾಮಿನಲ್ಲಿ ಕೂತು ಬರೆದು, 1991ರಲ್ಲಿ ಜಗತ್ತಿಗೆ ಬಿಟ್ಟ ಭಾಷೆ ಪೈಥಾನ್. ಇಂದು ಡೇಟಾ ಸೈನ್ಸ್, ಎಐ ಎಂದರೆ ಮೊದಲು ಬಾಯಿಗೆ ಬರುವ ಹೆಸರು ಅದೇ. 2005ರಲ್ಲಿ ಹಾಗಿರಲಿಲ್ಲ. ಸಂದರ್ಶನಕ್ಕೆ ಹೋದರೆ ಜಾವಾ ಬರುತ್ತದೆಯೇ, ಸಿ++ ಬರುತ್ತದೆಯೇ ಎಂದು ಕೇಳುತ್ತಿದ್ದ ಕಾಲ. ಪೈಥಾನ್ ಇಷ್ಟಪಟ್ಟವನಿಗೆ ಆಫೀಸಿನಲ್ಲಿ ಅದರ ಬಗ್ಗೆ ಮಾತಾಡಲು ಜನ ಸಿಗುತ್ತಿರಲಿಲ್ಲ. ಸಿಗದವರೆಲ್ಲ ಸೇರಿ ತಿಂಗಳಿಗೊಮ್ಮೆ ಕೂತರು.

ನಾಲ್ಕು ವರ್ಷದಲ್ಲಿ, 2009ರ ಸೆಪ್ಟೆಂಬರಿನಲ್ಲಿ, ದೇಶದ ಮೊದಲ ‘ಪೈಕಾನ್ ಇಂಡಿಯಾ’ ಸಮ್ಮೇಳನ ಇದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆಯಿತು. ಸಮ್ಮೇಳನ ವರ್ಷಕ್ಕೊಮ್ಮೆ ಬರುತ್ತದೆ, ಫೋಟೊಗಳಲ್ಲಿ ಉಳಿಯುತ್ತದೆ. ಅದರ ಬೇರು ಇರುವುದು ಮೂವತ್ತು ನಲವತ್ತು ಕುರ್ಚಿಯ ತಿಂಗಳ ಸಭೆಗಳಲ್ಲಿ.

ಗ್ಯಾರೇಜಿನಲ್ಲಿ ಮೂವತ್ತೆರಡು ಜನ

ಕಂಪ್ಯೂಟರ್ ಬಳಸುವವರು ಸಂಘ ಕಟ್ಟುವ ರೂಢಿ ಕಂಪ್ಯೂಟರಿನಷ್ಟೇ ಹಳೆಯದು ಎಂದರೂ ತಪ್ಪಿಲ್ಲ. 1955ರಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತ ಐಬಿಎಂನ ದೈತ್ಯ ಯಂತ್ರಗಳನ್ನು ಬಳಸುತ್ತಿದ್ದ ಸಂಸ್ಥೆಗಳು ‘ಶೇರ್’ ಎಂಬ ಗುಂಪು ಮಾಡಿಕೊಂಡವು. ಅವುಗಳಲ್ಲಿ ವಿಮಾನ ತಯಾರಕರೇ ಹೆಚ್ಚು. ಮಾರುಕಟ್ಟೆಯಲ್ಲಿ ಒಬ್ಬರಿಗೊಬ್ಬರು ಎದುರಾಳಿಗಳು. ಆದರೆ ಒಂದೇ ಲೆಕ್ಕದ ಪ್ರೋಗ್ರಾಮನ್ನು ಹತ್ತು ಕಡೆ ಹತ್ತು ಜನ ಬರೆಯುವುದು ದಂಡ ಎಂದು ಎಲ್ಲರಿಗೂ ಅನಿಸಿತ್ತು. ಬರೆದದ್ದನ್ನು ಹಂಚಿಕೊಂಡರು.

ಆದರೆ ಸಂಬಳದ ಹಂಗಿಲ್ಲದೆ, ಬರೀ ಹುಚ್ಚಿಗಾಗಿ ಸೇರುವ ಕೂಟದ ಮಾದರಿ ಹುಟ್ಟಿದ್ದು ಇಪ್ಪತ್ತು ವರ್ಷಗಳ ನಂತರ.

1975ರ ಮಾರ್ಚ್ 5. ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್ ಎಂಬ ಊರು. ಹೊರಗೆ ಮಳೆ. ಗಾರ್ಡನ್ ಫ್ರೆಂಚ್ ಎಂಬವರ ಮನೆಯ ಗ್ಯಾರೇಜಿನಲ್ಲಿ ಮೂವತ್ತೆರಡು ಜನ ಸೇರಿದ್ದಾರೆ. ಕರೆದವರಲ್ಲಿ ಒಬ್ಬರು ಫ್ರೆಡ್ ಮೂರ್, ಯುದ್ಧ ವಿರೋಧಿ ಕಾರ್ಯಕರ್ತ. ನಡುವೆ ಆಲ್ಟೇರ್ 8800 ಎಂಬ ಡಬ್ಬ. ಅಂಚೆಯಲ್ಲಿ ಬಿಡಿಭಾಗ ತರಿಸಿಕೊಂಡು ತಾವೇ ಬೆಸುಗೆ ಹಾಕಿ ಜೋಡಿಸಿಕೊಳ್ಳಬೇಕಿದ್ದ ಕಂಪ್ಯೂಟರ್. ಕೀಬೋರ್ಡ್ ಇಲ್ಲ, ಪರದೆ ಇಲ್ಲ. ಮುಂಭಾಗದಲ್ಲಿ ಒಂದಿಷ್ಟು ಸ್ವಿಚ್ಚು, ಒಂದಿಷ್ಟು ಕೆಂಪು ದೀಪ. ಮೂಲ ಮಾದರಿಯ ಮೆಮೊರಿ 256 ಬೈಟ್. ಈ ವಾಕ್ಯವನ್ನು ಕನ್ನಡದಲ್ಲಿ ಟೈಪ್ ಮಾಡಿದರೆ ಬಹುಪಾಲು ತುಂಬಿಹೋಗುವಷ್ಟು.

ಹೀಗೆ ಹುಟ್ಟಿದ್ದು ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್. ಅಂದು ಒಂದು ಮೂಲೆಯಲ್ಲಿ ಸಂಕೋಚದಿಂದ ಕೂತಿದ್ದ ಯುವಕ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯಲ್ಲಿ ಕ್ಯಾಲ್ಕುಲೇಟರ್ ಮಾಡುತ್ತಿದ್ದವನು, ಹೆಸರು ಸ್ಟೀವ್ ವೋಜ್ನಿಯಾಕ್. ಮೈಕ್ರೊಪ್ರೊಸೆಸರಿನ ವಿವರವಿದ್ದ ಹಾಳೆಯೊಂದು ಅವನ ಕೈಗೆ ಬಂತು. ಮನೆಗೆ ಹೋಗಿ ಓದಿದ. ಅದರ ಬೆನ್ನುಹತ್ತಿ ಮುಂದೆ ಮಾಡಿದ ಯಂತ್ರವೇ ಆಪಲ್-1. ಅದರ ನಕ್ಷೆಯನ್ನು ಅವನು ಕ್ಲಬ್ಬಿನಲ್ಲಿ ಕೇಳಿದವರಿಗೆಲ್ಲ ಪುಕ್ಕಟೆಯಾಗಿ ಹಂಚಿದ. ಇಂಥ ಕ್ಲಬ್ಬುಗಳಿಲ್ಲದಿದ್ದರೆ ಆಪಲ್ ಕಂಪ್ಯೂಟರ್ ಬಹುಶಃ ಇರುತ್ತಲೇ ಇರಲಿಲ್ಲ ಎಂದು ವೋಜ್ನಿಯಾಕ್ ಮುಂದೆ ಬರೆದುಕೊಂಡಿದ್ದಾರೆ.

ಕೂಟ ಬೆಳೆದು ಸ್ಟ್ಯಾನ್‌ಫರ್ಡಿನ ಭೌತವಿಜ್ಞಾನ ಪ್ರಯೋಗಾಲಯದ ಸಭಾಂಗಣಕ್ಕೆ ಹೋಯಿತು. ನಡೆಸಿಕೊಡುತ್ತಿದ್ದವರು ಲೀ ಫೆಲ್ಸೆನ್‌ಸ್ಟೈನ್. ಅವರ ಪದ್ಧತಿ ಸರಳ. ಮೊದಲು ಒಬ್ಬೊಬ್ಬರೇ ಎದ್ದು ತಮ್ಮ ಬಳಿ ಏನಿದೆ, ತಮಗೇನು ಬೇಕು ಎಂದು ಹೇಳಬೇಕು. ಆಮೇಲೆ ಸಭೆಯನ್ನು ಬಿಡಿಸಿಬಿಡುವುದು. ಬೇಕಾದವರು ಬೇಕಾದವರನ್ನು ಹುಡುಕಿಕೊಂಡು ಹೋಗಲಿ ಎಂದು. ಈ ಎರಡನೆಯ ಭಾಗಕ್ಕಾಗಿಯೇ ಜನ ಬರುತ್ತಿದ್ದರು. ಇಂದಿಗೂ ಒಳ್ಳೆಯ ಕೂಟದ ಗುರುತು ಅದೇ ಎಂದು ನನ್ನ ಲೆಕ್ಕ. ಭಾಷಣದ ಮೇಲೆ ಭಾಷಣ ಪೇರಿಸಿ, ನಡುವೆ ಐದು ನಿಮಿಷ ಟೀ ಬಿಡುವು ಕೊಡುವ ಸಂಘಟಕರು ಕಾರ್ಯಕ್ರಮವನ್ನು ತಲೆಕೆಳಗು ಮಾಡಿದ್ದಾರೆ.

ಹೋಮ್‌ಬ್ರೂ ಮಂದಿಯಿಂದಲೇ ಸಾಫ್ಟ್‌ವೇರ್ ಲೋಕದ ಮೊದಲ ದೊಡ್ಡ ಜಗಳವೂ ಹುಟ್ಟಿತು. ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್ ಆಲ್ಟೇರ್‌ಗಾಗಿ ಬೇಸಿಕ್ ಭಾಷೆ ಬರೆದಿದ್ದರು. ಅದನ್ನು ತೂತು ಹೊಡೆದ ಕಾಗದದ ಸುರುಳಿಯಲ್ಲಿ ಮಾರಲಾಗುತ್ತಿತ್ತು. 1975ರಲ್ಲಿ ಒಂದು ಸುರುಳಿ ಹೇಗೋ ಕ್ಲಬ್ಬಿನವರ ಕೈ ಸೇರಿತು. ಪ್ರತಿಗಳಾದವು, ಹಂಚಲಾಯಿತು. ಕರಾರು ಒಂದೇ: ಒಂದು ಒಯ್ದವರು ಮುಂದಿನ ಸಲ ಎರಡು ತರಬೇಕು.

1976ರ ಫೆಬ್ರವರಿಯಲ್ಲಿ ಗೇಟ್ಸ್ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದರು. ಆಲ್ಟೇರ್ ಇಟ್ಟುಕೊಂಡವರಲ್ಲಿ ಶೇ 10ಕ್ಕಿಂತ ಕಡಿಮೆ ಮಂದಿ ದುಡ್ಡು ಕೊಟ್ಟು ಬೇಸಿಕ್ ಕೊಂಡಿದ್ದಾರೆ, ಉಳಿದವರು ಮಾಡುತ್ತಿರುವುದು ಕಳ್ಳತನ ಎಂಬುದು ಅದರ ತಿರುಳು. ಹಂಚಿಕೊಂಡರೆ ಬೆಳೆಯುತ್ತದೆ ಎನ್ನುವವರು ಒಂದು ಕಡೆ, ದುಡಿದವನಿಗೆ ಕೂಲಿ ಬೇಡವೇ ಎನ್ನುವವರು ಇನ್ನೊಂದು ಕಡೆ. ಇವತ್ತಿನ ಮೀಟಪ್‌ಗಳಲ್ಲೂ ಕಾಫಿ ಹಿಡಿದು ಹತ್ತು ನಿಮಿಷ ನಿಂತರೆ ಈ ಎರಡೂ ದನಿ ಕೇಳಿಸುತ್ತವೆ.

[ಪೆಟ್ಟಿಗೆ] ರೇಡಿಯೊದಲ್ಲಿ ಹಾಡಿದ ಆಲ್ಟೇರ್
*1975ರ ಏಪ್ರಿಲ್‌ನ ಹೋಮ್‌ಬ್ರೂ ಸಭೆಗೆ ಸ್ಟೀವ್ ಡೋಂಪಿಯರ್ ಎಂಬವರು ತಮ್ಮ ಆಲ್ಟೇರ್ ಜೊತೆ ಒಂದು ಸಣ್ಣ ರೇಡಿಯೊ ತಂದರು. ಸ್ವಿಚ್ಚುಗಳನ್ನು ಒಂದೊಂದಾಗಿ ಮೇಲೆ ಕೆಳಗೆ ಮಾಡಿ ಪ್ರೋಗ್ರಾಂ ತುಂಬಿದರು. ಕಂಪ್ಯೂಟರ್ ಹೊಮ್ಮಿಸುವ ವಿದ್ಯುತ್ ಗದ್ದಲವನ್ನು ಪಕ್ಕದ ರೇಡಿಯೊ ಹಿಡಿದುಕೊಂಡಿತು. ಅದರಿಂದ ಬೀಟಲ್ಸ್ ತಂಡದ ‘ಫೂಲ್ ಆನ್ ದ ಹಿಲ್’ ಹಾಡಿನ ರಾಗ ಹೊರಟಿತು! ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮತ್ತೊಂದು ಬೇಕು ಎಂದಾಗ ಬಂದದ್ದು ‘ಡೇಸಿ’. 1961ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕಂಪ್ಯೂಟರೊಂದು ಹಾಡಿದ್ದೂ ಅದೇ ಹಾಡು.*

ಸಿ.ಡಿ.ಯಲ್ಲಿ ಬಂದ ಲಿನಕ್ಸ್

ನಮ್ಮಲ್ಲಿ ಈ ಸಂಪ್ರದಾಯಕ್ಕೆ ದಾರಿ ಮಾಡಿಕೊಟ್ಟದ್ದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ಕ್ಕೆ. ಟೆಲಿಫೋನ್ ತಂತಿಯ ಮೇಲೆ ತೆವಳುವ ಆ ಸಂಪರ್ಕದಲ್ಲಿ ಇಡೀ ಆಪರೇಟಿಂಗ್ ಸಿಸ್ಟಂ ಇಳಿಸಿಕೊಳ್ಳುವುದು ಕನಸಿನ ಮಾತು. 1996ರಲ್ಲಿ ‘ಪಿಸಿ ಕ್ವೆಸ್ಟ್’ ಪತ್ರಿಕೆ ಲಿನಕ್ಸ್ ತುಂಬಿದ ಸಿ.ಡಿ.ಯನ್ನು ಸಂಚಿಕೆಯ ಜೊತೆಗೇ ಕೊಟ್ಟಿತು. ಅದರ ಹಿಂದಿದ್ದವರು ಬೆಂಗಳೂರಿನಲ್ಲಿದ್ದ ಅತುಲ್ ಚಿಟ್ನಿಸ್.

ಸಿ.ಡಿ. ಬಂತು ಸರಿ, ಹಾಕುವುದು ಹೇಗೆ? ಒಂದು ತಪ್ಪು ಒತ್ತಿದರೆ ಅಪ್ಪ ಸಾಲ ಮಾಡಿ ಕೊಡಿಸಿದ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಖಾಲಿ. ಹೀಗೆ ಊರೂರಿನಲ್ಲಿ ಲಿನಕ್ಸ್ ಬಳಕೆದಾರರ ಗುಂಪುಗಳಾದವು. ಸಿಪಿಯು ಡಬ್ಬವನ್ನೇ ಹೊತ್ತು ತಂದು, ಗೊತ್ತಿದ್ದವರ ಪಕ್ಕ ಕೂತು ಇನ್‌ಸ್ಟಾಲ್ ಮಾಡಿಸಿಕೊಂಡು ಹೋಗುವ ಸಭೆಗಳು ನಡೆದವು. ಚೆನ್ನೈನ ಲಿನಕ್ಸ್ ಬಳಗ ತಿಂಗಳ ಎರಡನೇ ಶನಿವಾರವನ್ನು ಹಿಡಿದುಕೊಂಡಿತು. ಬೆಂಗಳೂರಿನ ಬಳಗದ ಉತ್ಸಾಹ 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನವಾಯಿತು, 2005ರಲ್ಲಿ ‘ಫಾಸ್ ಡಾಟ್ ಇನ್’ ಎಂದು ಹೆಸರು ಬದಲಿಸಿಕೊಂಡಿತು, 2012ರಲ್ಲಿ ಕೊನೆಯದಾಗಿ ನಡೆಯಿತು. ಚಿಟ್ನಿಸ್ ಮರುವರ್ಷ ತೀರಿಕೊಂಡರು.

ದೊಡ್ಡ ಸಮ್ಮೇಳನ ಹೀಗೆ ಹುಟ್ಟಿ, ಮೆರೆದು, ಮುಗಿಯುತ್ತದೆ. ತಿಂಗಳ ಕೂಟದ ಆಯುಷ್ಯದ ಲೆಕ್ಕ ಬೇರೆ. ಅದಕ್ಕೆ ಬೇಕಾಗುವುದು ಒಂದು ಹಾಲ್, ಒಂದು ದಿನಾಂಕ ಮತ್ತು ಆ ದಿನಾಂಕವನ್ನು ತಪ್ಪಿಸದ ಒಬ್ಬ ಮನುಷ್ಯ.

ಈ ಮನುಷ್ಯನ ಬಗ್ಗೆ ಯಾರೂ ಬರೆಯುವುದಿಲ್ಲ. ಹಾಲ್ ಕೇಳಿಕೊಂಡು ಕಂಪನಿ ಕಂಪನಿಗೆ ಮೇಲ್ ಹಾಕುವವನು ಅವನು. ನೂರು ಜನ ಬರುತ್ತೇವೆಂದು ಹೆಸರು ಕೊಟ್ಟಾಗ ಅದರಲ್ಲಿ ನಿಜವಾಗಿ ಬರುವವರೆಷ್ಟು ಎಂದು ಅಂದಾಜು ಮಾಡಿ ಸಮೋಸಾ ಹೇಳುವವನು ಅವನು. ಹಿಂದಿನ ರಾತ್ರಿ “ಜ್ವರ, ಬರಕ್ಕಾಗಲ್ಲ” ಎಂದು ಭಾಷಣಕಾರರ ಮೆಸೇಜು ಬಂದರೆ ಬೆಳಗಾಗುವುದರೊಳಗೆ ತಾನೇ ಸ್ಲೈಡ್ ಮಾಡಿಕೊಂಡು ನಿಲ್ಲುವವನೂ ಅವನೇ. ಇಂಥ ಬಳಗಗಳು ಸಾಯುವುದು ವಿಷಯ ಮುಗಿದು ಅಲ್ಲ. ಈ ಒಬ್ಬನಿಗೆ ಮದುವೆಯಾಗಿಯೋ, ಮಗುವಾಗಿಯೋ, ಅಮೆರಿಕದ ವೀಸಾ ಬಂದೋ. ಎರಡನೆಯವರನ್ನು ಹೊತ್ತಿಗೆ ಮುಂಚೆ ತಯಾರು ಮಾಡಿಕೊಂಡ ಬಳಗ ಉಳಿಯುತ್ತದೆ.

ಊಟಿಯಲ್ಲಿದ್ದ ಕೆನೆತ್ ಗೊನ್ಸಾಲ್ವಿಸ್ ಅಂಥವರಲ್ಲಿ ಒಬ್ಬರು. ಐಟಿ ನಗರದಲ್ಲಿ ಇಲ್ಲದಿದ್ದರೂ ಬೆಂಗಳೂರು, ಚೆನ್ನೈ ಎಂದು ಓಡಾಡಿ ದೇಶದ ಪೈಥಾನ್ ಬಳಗಗಳಿಗೆ ಒಂದು ನೋಂದಾಯಿತ ಸೊಸೈಟಿ ಕಟ್ಟಿಕೊಟ್ಟರು. 2012ರಲ್ಲಿ ಅವರು ತೀರಿಕೊಂಡ ಮೇಲೆ ಪೈಕಾನ್ ಇಂಡಿಯಾದಲ್ಲಿ ಅವರ ಹೆಸರಿನ ಪ್ರಶಸ್ತಿ ಕೊಡುತ್ತಾರೆ.

ಹಾಲ್ ಯಾರದ್ದು, ಮಾತು ಯಾರದ್ದು?

ಜಾಗ ಕಂಪನಿಯದ್ದು, ಕೂಟ ಯಾರದ್ದೂ ಅಲ್ಲ. ಈ ನಾಜೂಕಿನ ಮೇಲೆಯೇ ಎಲ್ಲವೂ ನಿಂತಿದೆ. ಹಾಲ್ ಕೊಟ್ಟ ಕಂಪನಿಗೆ ಐದು ನಿಮಿಷ ಮಾತಾಡಲು ಬಿಡುವುದು ವಾಡಿಕೆ. “ನಮ್ಮಲ್ಲಿ ಕೆಲಸ ಖಾಲಿ ಇದೆ” ಎಂಬ ಸ್ಲೈಡ್ ಬರುತ್ತದೆ, ಹಿಂದಿನ ಸಾಲಿನ ಫೈನಲ್ ಇಯರ್ ಹುಡುಗರು ಫೋನ್ ತೆಗೆದು ಫೋಟೊ ಹೊಡೆದುಕೊಳ್ಳುತ್ತಾರೆ. ತಪ್ಪೇನಿಲ್ಲ. ಐದು ನಿಮಿಷ ಐವತ್ತಾಗಿ, ಟಾಕ್ ಎಂಬುದು ಸರಕು ಮಾರುವ ಜಾಹೀರಾತಾದ ತಿಂಗಳು ಹಳಬರು ಎದ್ದು ಹೋಗುತ್ತಾರೆ. ಮುಂದಿನ ತಿಂಗಳು ಬರುವುದೂ ಇಲ್ಲ.

ಏಕೆಂದರೆ ಅವರು ಬರುವುದು ಕಂಪನಿಗಳು ಹೇಳದ ಸಂಗತಿಗಾಗಿ. ಗೆದ್ದ ಕಥೆ ಎಲ್ಲ ಕಡೆ ಸಿಗುತ್ತದೆ. ಯಾವ ಡೇಟಾಬೇಸ್ ನಂಬಿ ರಾತ್ರಿ ಎರಡು ಗಂಟೆಗೆ ವೆಬ್‌ಸೈಟ್ ಮಲಗಿತು, ಯಾವ ಲೈಬ್ರರಿಯ ಹೊಸ ಆವೃತ್ತಿ ಹಾಕಿ ಇಡೀ ವಾರ ನಿದ್ದೆ ಕೆಟ್ಟಿತು ಎಂಬುದನ್ನು ಜನ ಬರೆದಿಡುವುದಿಲ್ಲ. ಪೇಪರ್ ತಟ್ಟೆ ಹಿಡಿದು ನಿಂತಾಗ ಹೇಳುತ್ತಾರೆ.

ಪೈಥಾನ್ ಬಳಗಗಳಿಗೆ ಸೋತದ್ದನ್ನೂ ಬಿಚ್ಚಿ ಹೇಳುವ ಈ ಗುಣ ಹೆಚ್ಚು ಬೇಕಾದದ್ದು ಭಾಷೆಯ ಎರಡನೇ ಆವೃತ್ತಿಯಿಂದ ಮೂರನೆಯದಕ್ಕೆ ದಾಟುವಾಗ. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3ರಲ್ಲಿ ಹಳೆಯ ಕೋಡ್ ಎಷ್ಟೋ ಕಡೆ ನಡೆಯುತ್ತಲೇ ಇರಲಿಲ್ಲ. ಪರದೆಯ ಮೇಲೆ ಒಂದು ಸಾಲು ಮೂಡಿಸುವ ‘ಪ್ರಿಂಟ್’ ಆಜ್ಞೆಗೂ ಈಗ ಆವರಣ ಚಿಹ್ನೆ ಹಾಕಬೇಕು. ದಾಟುವುದೋ ಬೇಡವೋ ಎಂದು ಜಗತ್ತು ಹನ್ನೊಂದು ವರ್ಷ ಮೀನಮೇಷ ಎಣಿಸಿತು. 2020ರ ಜನವರಿ 1ಕ್ಕೆ ಪೈಥಾನ್ 2ರ ನಿರ್ವಹಣೆ ನಿಂತಿತು.

ಈ ದಾಟುವಿಕೆಯಲ್ಲಿ ಗೆದ್ದವರಲ್ಲಿ ನಾವೂ ಸೇರಿದ್ದೇವೆ. ಪೈಥಾನ್ 3 ಎಲ್ಲ ಪಠ್ಯವನ್ನೂ ಯೂನಿಕೋಡ್ ಎಂದೇ ಭಾವಿಸುತ್ತದೆ. ಪ್ರೋಗ್ರಾಂ ಒಳಗಿನ ಹೆಸರುಗಳನ್ನೂ ಕನ್ನಡದಲ್ಲಿ ಇಡಬಹುದು: ‘ಬೆಲೆ = 40’ ಎಂದರೆ ಯಂತ್ರ ಗೊಣಗದೆ ಒಪ್ಪಿಕೊಳ್ಳುತ್ತದೆ.

[ಪೆಟ್ಟಿಗೆ] ‘ಕನ್ನಡ’ದಲ್ಲಿ ಎಷ್ಟು ಅಕ್ಷರ?
*ಮೇಷ್ಟರನ್ನು ಕೇಳಿದರೆ ಮೂರು. ಪೈಥಾನ್ 3 ಅನ್ನು ಕೇಳಿದರೆ 5: ಕ, ನ, ವಿರಾಮ ಚಿಹ್ನೆ, ನ, ಡ. ಯೂನಿಕೋಡಿನಲ್ಲಿ ಒತ್ತಕ್ಷರಕ್ಕೆ ಪ್ರತ್ಯೇಕ ಸಂಕೇತವಿಲ್ಲ. ಎರಡು ವ್ಯಂಜನಗಳ ನಡುವೆ ವಿರಾಮ ಬಂದರೆ ಒತ್ತು ಮೂಡುತ್ತದೆ. ಪೈಥಾನ್ 2 ಸಾಮಾನ್ಯವಾಗಿ ಹೇಳುತ್ತಿದ್ದ ಉತ್ತರ 15. ಅದು ಅಕ್ಷರಗಳನ್ನಲ್ಲ, ಬೈಟುಗಳನ್ನು ಎಣಿಸುತ್ತಿತ್ತು. ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟು.*

ಆದರೂ ಕೂಟದ ವೇದಿಕೆಯಲ್ಲಿ ಕನ್ನಡ ಕೇಳುವುದು ಅಪರೂಪ. ಸ್ಲೈಡ್ ಇಂಗ್ಲಿಷ್, ಪ್ರಶ್ನೆ ಇಂಗ್ಲಿಷ್, ಉತ್ತರ ಇಂಗ್ಲಿಷ್. ದೇಶದ ಎಲ್ಲ ಕಡೆಯ ಜನ ಕೂತಿರುವ ಹಾಲಿನಲ್ಲಿ ಅದು ಸಹಜ ಎನ್ನಬಹುದು. ಆದರೆ ಹಾಸನದಿಂದಲೋ ಕಲಬುರ್ಗಿಯಿಂದಲೋ ಬಂದ ಹುಡುಗಿ ಪ್ರಶ್ನೆ ನಾಲಿಗೆ ತುದಿಯಲ್ಲಿದ್ದರೂ ಕೈ ಎತ್ತದೆ ಕೂರುವುದನ್ನು ಸಂಘಟಕರು ನೋಡಬೇಕು. ಅವಳು ಕೇಳುವುದು ಕಾಫಿ ಹೊತ್ತಿನಲ್ಲಿ, ಕನ್ನಡ ಬಲ್ಲವರು ಪಕ್ಕದಲ್ಲಿ ಸಿಕ್ಕರೆ: “ಅಕ್ಕಾ, ಆ ಡೆಕೊರೇಟರ್ ಅಂದ್ರಲ್ಲ, ಅದು ಯಾಕೆ ಬೇಕು?” ಒಮ್ಮೊಮ್ಮೆ ಅದು ಇಡೀ ಬೆಳಗಿನ ಒಳ್ಳೆಯ ಪ್ರಶ್ನೆಯಾಗಿರುತ್ತದೆ.

‘ಅಕ್ಕಾ’ ಎಂದು ಕರೆಯಲು ಅಲ್ಲೊಬ್ಬಳು ಅಕ್ಕ ಇರಬೇಕಲ್ಲ, ಅದೂ ಒಂದು ಮಾತು. ಪ್ರೋಗ್ರಾಮರ್ ಕೂಟಗಳಲ್ಲಿ ಹೆಂಗಸರು ಇವತ್ತಿಗೂ ಕಡಿಮೆ. ಲಾಸ್ ಏಂಜಲೀಸಿನಲ್ಲಿ 2011ರಲ್ಲಿ ಶುರುವಾದ ‘ಪೈಲೇಡೀಸ್’ ಇದಕ್ಕೆಂದೇ ಹುಟ್ಟಿದ ಬಳಗ. 2014ರಲ್ಲಿ ಬರ್ಲಿನ್‌ನಲ್ಲಿ ಆರಂಭವಾದ ‘ಜಾಂಗೊ ಗರ್ಲ್ಸ್’ ಕೋಡ್ ಬರೆದೇ ಇರದ ಹೆಣ್ಣುಮಕ್ಕಳನ್ನು ಕೂರಿಸಿ ಮೊದಲ ವೆಬ್‌ಸೈಟ್ ಮಾಡಿಸುತ್ತದೆ. ಎರಡೂ ಹೆಸರುಗಳ ಕೂಟಗಳು ನಮ್ಮ ದೇಶದಲ್ಲೂ ನಡೆದಿವೆ.

ಕನ್ನಡದಲ್ಲೇ ಮಾತಾಡುವ ತಂತ್ರಜ್ಞಾನದ ಬಳಗಗಳು ಇಲ್ಲವೆಂದಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಸುತ್ತ ಅಂಥ ಸಮ್ಮಿಲನಗಳು ನಡೆದಿವೆ. ‘ಸಂಚಯ’ ತಂಡ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಕೊಟ್ಟು ಹುಡುಕುವಂತೆ ಮಾಡಿದ್ದು ಸಂಬಳದ ಕೆಲಸವಾಗಿ ಅಲ್ಲ. ಬಿಡುವಿನಲ್ಲಿ ಕೂಡಿ ಕೂತು ಮಾಡಿದ್ದು.

ಎಐ ಬಂದ ಮೇಲೆ

ಕೊರೊನಾ ಕಾಲದಲ್ಲಿ ಕೂಟಗಳು ಪರದೆಗೆ ಹೋದವು. ಪೈಕಾನ್ ಇಂಡಿಯಾ ಕೂಡ 2020, 2021ರಲ್ಲಿ ಆನ್‌ಲೈನ್ ನಡೆಯಿತು. ರಾಯಚೂರು, ಶಿರಸಿಯಲ್ಲಿ ಕೂತವರೂ ಕೇಳುವಂತಾಯಿತು, ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ಕಾಟ ತಪ್ಪಿತು. ಆದರೆ ಕ್ಯಾಮೆರಾ ಆಫ್, ಮೈಕ್ ಆಫ್. ಭಾಷಣ ಮುಗಿದ ಕೂಡಲೇ ಕಿಟಕಿ ಮುಚ್ಚಿ ಎಲ್ಲರೂ ಮಾಯ. ಬಾಗಿಲು ತೆರೆದ ಮೇಲೆ ಜನ ಮತ್ತೆ ಹಾಲಿಗೆ ಬಂದರು. ದೂರದ ಊರಿನವರಿಗೆ ತೆರೆದಿದ್ದ ಕಿಂಡಿ ಬಹಳ ಕಡೆ ಮುಚ್ಚಿಕೊಂಡಿತು, ಅದು ನಷ್ಟವೇ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂತು. ಇನ್ನು ಇಂಥ ಕೂಟಗಳು ಯಾಕೆ ಎಂದು ಕೇಳುವವರು ಹೆಚ್ಚಾದರು. ಪ್ರಶ್ನೆ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ‘ಇದನ್ನು ಬರೆಯುವುದು ಹೇಗೆ’ ಎಂದಷ್ಟೇ ಕೇಳಲು ಬರುತ್ತಿದ್ದವರಿಗೆ ಈಗ ಶನಿವಾರದ ನಿದ್ದೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಮೊದಲ ಪಾಠ ಹೇಳಿಕೊಡುವ ಕಾರ್ಯಾಗಾರಗಳಿಗೆ ಇದರ ಪೆಟ್ಟು ಬಿದ್ದೇ ಬೀಳುತ್ತದೆ.

ಆದರೆ ಎಐ ಉತ್ತರ ಕೊಡುವುದು ಕೇಳಿದ್ದಕ್ಕೆ. ಕೇಳಬೇಕೆಂದೇ ಹೊಳೆಯದ ಪ್ರಶ್ನೆಗೆ ಉತ್ತರ ಕಿವಿಗೆ ಬೀಳುವುದು ಪಕ್ಕದ ಕುರ್ಚಿಯವರು ಇನ್ಯಾರೊಂದಿಗೋ ಮಾತಾಡುವಾಗ. ಹಾಲಿನ ಪ್ರಶ್ನೆಯೂ ಬದಲಾಗಿದೆ. ಲ್ಯಾಪ್‌ಟಾಪ್ ತಿರುಗಿಸಿ ತೋರಿಸುತ್ತಾರೆ: “ಇದನ್ನ ಎಐ ಬರೆದಿದ್ದು. ಓಡ್ತಾ ಇದೆ. ಆದ್ರೆ ಹತ್ತು ಸಾವಿರ ಜನ ಒಟ್ಟಿಗೆ ಬಂದ್ರೆ ತಡ್ಕೊಳತ್ತಾ?” ಹತ್ತು ಸಾವಿರ ಜನ ಒಟ್ಟಿಗೆ ಬಂದು ಬುಡಮೇಲಾದದ್ದನ್ನು ಅನುಭವಿಸಿದವರೊಬ್ಬರು ಎರಡು ಕುರ್ಚಿ ಆಚೆ ಕೂತಿರುತ್ತಾರೆ. ಅವರು ಕೋಡ್ ಓದುವ ಮೊದಲು ಕೇಳುವುದು ಬೇರೆಯದೇ: “ಹತ್ತು ಸಾವಿರ ಜನ ಬರ್ತಾರೆ ಅಂತ ನಿಂಗೆ ಹೇಳಿದ್ದು ಯಾರು?”

[ಪೆಟ್ಟಿಗೆ] ಮೊದಲ ಸಲ ಹೋಗುವವರಿಗೆ
*ಭಾಷಣ ಅರ್ಥವಾಗದಿದ್ದರೆ ಗಾಬರಿ ಬೇಡ. ಅಕ್ಕಪಕ್ಕದವರಲ್ಲಿ ಅರ್ಧ ಜನಕ್ಕೂ ಆಗಿರುವುದಿಲ್ಲ. ಚಾರ್ಜರ್ ಒಯ್ಯಿರಿ. ಬರುತ್ತೇನೆಂದು ಹೆಸರು ಕೊಟ್ಟು ತಪ್ಪಿಸಬೇಡಿ, ಹೇಳಿಟ್ಟ ತಿಂಡಿ ದಂಡವಾಗುತ್ತದೆ. ಐದು ನಿಮಿಷದ ‘ಲೈಟ್ನಿಂಗ್ ಟಾಕ್’ಗೆ ಯಾರು ಬೇಕಾದರೂ ಎದ್ದು ನಿಲ್ಲಬಹುದು. ಪೂರ್ತಿ ಆಗದ ಕೆಲಸ ತೋರಿಸಿದರೆ ಯಾರೂ ನಗುವುದಿಲ್ಲ. ನೆರವು ಸಿಗುವುದು ಅಂಥದ್ದಕ್ಕೇ.*

ಮಧ್ಯಾಹ್ನ ಒಂದರ ಹೊತ್ತಿಗೆ ಹಾಲ್ ಬಿಟ್ಟುಕೊಡಬೇಕು. ಸಂಘಟಕ ಮೈಕ್ ಹಿಡಿದು, “ಮುಂದಿನ ತಿಂಗಳು ಯಾರು ಮಾತಾಡ್ತೀರಿ?” ಎನ್ನುತ್ತಾನೆ. ಇಷ್ಟು ಹೊತ್ತು ಬಾಯಿ ಮುಚ್ಚದವರೆಲ್ಲ ಬ್ಯಾಗಿನ ಜಿಪ್ಪು ಎಳೆಯತೊಡಗುತ್ತಾರೆ. ಅವನಿಗೆ ಇದು ಹೊಸದಲ್ಲ. ಬೆಳಗಿನಿಂದ ಹೆಚ್ಚು ಪ್ರಶ್ನೆ ಕೇಳಿದವರು ಯಾರೆಂದು ನೋಡಿಟ್ಟುಕೊಂಡಿರುತ್ತಾನೆ. ಲಿಫ್ಟಿನ ಬಾಗಿಲಲ್ಲಿ ಅವರನ್ನೇ ಹಿಡಿಯುತ್ತಾನೆ: “ನೀವು ಕೇಳಿದ್ರಲ್ಲ, ಅದನ್ನೇ ಇಪ್ಪತ್ತು ನಿಮಿಷ ಹೇಳಿ ಸಾಕು. ಸ್ಲೈಡ್ ಬೇಡ. ಡೇಟ್ ಹಾಕ್ಕೊಂಡ್‌ಬಿಡ್ತೀನಿ.”